ಹನ್ನೊಂದು ಡಿಗ್ರಿಯ ನಂಬಿಕೆ

ಬ್ರಿಟನ್ನಿನಲ್ಲಿ ಚಳಿ ಶುರುವಾದರೆ ಸಾಕು, ಕೈಯಲ್ಲೊಂದು ಸಣ್ಣ ಸ್ಪ್ಯಾನರ್ ಹಿಡಿದು ರೇಡಿಯೇಟರುಗಳ ಮುಂದೆ ಕುಕ್ಕರಗಾಲಲ್ಲಿ ಕೂರುವ ಮನೆಯೊಡೆಯರ ಪಂಗಡವೊಂದಿದೆ. ಅಲ್ಲಿ ನೆಲೆಸಿದ ಕನ್ನಡಿಗರಲ್ಲೂ ಈ ವ್ರತಧಾರಿಗಳಿದ್ದಾರೆ. ರೇಡಿಯೇಟರ್ ಬ್ಯಾಲೆನ್ಸಿಂಗ್ ಎಂಬ ಈ ಕೆಲಸಕ್ಕೆ ಕಾರಣವಾದ ತೊಂದರೆ ನಿಜವಾದದ್ದೇ. ಬಾಯ್ಲರಿನಿಂದ ಪಂಪು ತಳ್ಳುವ ಬಿಸಿನೀರು ಅಡೆತಡೆ ಕಡಿಮೆಯಿರುವ ದಾರಿ ಹಿಡಿಯುತ್ತದೆ. ಹತ್ತಿರದ ರೇಡಿಯೇಟರ್ ಮುಟ್ಟಿದರೆ ಸುಡುತ್ತದೆ, ದೂರದ ಮಲಗುವ ಕೋಣೆಯದು ಉಗುರುಬೆಚ್ಚಗಾಗಲೂ ತಿಣುಕುತ್ತದೆ. ಕಾಲುವೆಯ ಮೇಲ್ಭಾಗದವರು ನೀರೆಲ್ಲ ಎಳೆದುಕೊಂಡು ಕೊನೆಯಂಚಿನ ಗದ್ದೆ ಒಣಗುವ ಕತೆಯೇ ಇದು; ಮದ್ದೂ ಅದೇ, ಮೇಲಿನ ತೂಬನ್ನು ಕಿರಿದು ಮಾಡುವುದು. ಪ್ರತಿ ರೇಡಿಯೇಟರಿನ ಒಂದು ತುದಿಯಲ್ಲಿ ಪ್ಲಾಸ್ಟಿಕ್ ಟೊಪ್ಪಿಗೆಯ ಕೆಳಗಿರುವ ಲಾಕ್‌ಶೀಲ್ಡ್ ವಾಲ್ವು ಆ ತೂಬು.

ಇಲ್ಲಿಯವರೆಗೆ ತಕರಾರಿಲ್ಲ. ತಕರಾರಿರುವುದು ಎಷ್ಟು ತಿರುಗಿಸಬೇಕೆಂದು ಹೇಳುವ ಸೂತ್ರದ ಬಗ್ಗೆ. ಒಳಬರುವ ಪೈಪಿಗೊಂದು, ಹೊರಹೋಗುವ ಪೈಪಿಗೊಂದು ಥರ್ಮಾಮೀಟರ್ ಕಚ್ಚಿಸಿ, ಎರಡರ ನಡುವೆ 11 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಬರುವವರೆಗೆ ವಾಲ್ವು ಬಿಗಿಯಿರಿ ಎನ್ನುತ್ತದೆ ಹಳೆಯ ಪಾಠ. ಈ ಅಂಕಿ 82 ಡಿಗ್ರಿಯ ನೀರು ಕಳಿಸಿ 71ಕ್ಕೆ ವಾಪಸು ಪಡೆಯುತ್ತಿದ್ದ ಕಾಲದ್ದು. 2005ರ ಏಪ್ರಿಲ್‌ನಿಂದ ಇಂಗ್ಲೆಂಡಿನ ಮನೆಗಳಲ್ಲಿ ಕೂರಿಸುವ ಗ್ಯಾಸ್ ಬಾಯ್ಲರುಗಳು ಸಾಮಾನ್ಯವಾಗಿ ಕಂಡೆನ್ಸಿಂಗ್ ಬಗೆಯವೇ ಆಗಿರಬೇಕು. ಅವು ಹೊಗೆಯಲ್ಲಿನ ಹಬೆಯನ್ನು ನೀರಾಗಿಸಿ ಅದರ ಶಾಖವನ್ನೂ ಹಿಂಡಿಕೊಳ್ಳುತ್ತವೆ. ಆದರೆ ವಾಪಸಾಗುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ. 71ರಲ್ಲಿ ವಾಪಸಾದರೆ ಆ ಲಾಭ ಚಿಮಣಿಯ ಪಾಲು. ಹಾಗಾಗಿ ಹೊಸ ಪಾಠದಲ್ಲಿ 11 ಹೋಗಿ 20 ಬಂತು. ಅಂಕಿ ಬದಲಾಯಿತು, ಅಂಕಿಯ ಮೇಲಿನ ಭಕ್ತಿ ಬದಲಾಗಲಿಲ್ಲ.

ನನ್ನ ಆಕ್ಷೇಪ ಆ ಭಕ್ತಿಯ ಮೇಲೆಯೇ. ಎಲ್ಲ ರೇಡಿಯೇಟರುಗಳಲ್ಲೂ ಒಂದೇ ವ್ಯತ್ಯಾಸ ಬಂದರೆ ಪ್ರತಿಯೊಂದೂ ತನ್ನ ಗಾತ್ರಕ್ಕೆ ತಕ್ಕಷ್ಟು ಶಾಖ ಕೊಡುತ್ತದೆ, ಅಷ್ಟೇ. ಆ ಗಾತ್ರ ಕೋಣೆಗೆ ತಕ್ಕದ್ದಾಗಿತ್ತೇ? ಹಳೆಯ ಮನೆಗೆ ಒಬ್ಬರು ಕಿಟಕಿಯಡಿಯ ಜಾಗ ನೋಡಿ ರೇಡಿಯೇಟರ್ ಕೂರಿಸಿರುತ್ತಾರೆ, ಇನ್ನೊಬ್ಬರು ಗೋಡೆಗೆ ನಿರೋಧಕ ತುಂಬಿಸಿರುತ್ತಾರೆ, ಮತ್ತೊಬ್ಬರು ಹಿಂದೆ ಗಾಜಿನ ಕೋಣೆ ಕಟ್ಟಿಸಿರುತ್ತಾರೆ. ಅಂಥ ಮನೆಯಲ್ಲಿ ಸೂತ್ರ ಕರಾರುವಾಕ್ಕಾಗಿ ಪಾಲನೆಯಾದರೂ ಒಂದು ಕೋಣೆ ಬೆವರುತ್ತದೆ, ಇನ್ನೊಂದು ನಡುಗುತ್ತದೆ.

ರೇಡಿಯೇಟರಿನ ಸ್ವಭಾವವೂ ಈ ನಾಜೂಕಿಗೆ ಒಗ್ಗುವುದಿಲ್ಲ. ಆ ಹಳೆಯ ಲೆಕ್ಕದಲ್ಲೇ ನೀರಿನ ಹರಿವನ್ನು ಅರ್ಧಕ್ಕೆ ಇಳಿಸಿ ನೋಡಿ: ವಾಪಸು ನೀರು 62ರ ಆಸುಪಾಸಿಗೆ ಇಳಿಯುತ್ತದೆ, ಶಾಖ ಮಾತ್ರ ಹತ್ತರಲ್ಲಿ ಒಂಬತ್ತು ಪಾಲು ಉಳಿಯುತ್ತದೆ. ಅಂದರೆ ವಾಲ್ವಿನ ಕಾಲು ಸುತ್ತು ಹೆಚ್ಚೋ ಕಡಿಮೆಯೋ ಎಂದು ಕೊರಗುವವರ ಕೋಣೆಗೆ ಬಹಳ ಸಲ ಅದು ಗೊತ್ತೇ ಆಗಿರುವುದಿಲ್ಲ. ಜೊತೆಗೆ ಒಂದು ವಾಲ್ವು ಬಿಗಿದರೆ ಉಳಿದೆಲ್ಲದರ ಹರಿವೂ ಕದಲುತ್ತದೆ. ಬಾಯ್ಲರ್ ಉರಿ ತಗ್ಗಿಸಿದರೆ ಅಳತೆಯೇ ಜಾರುತ್ತದೆ. ಹೊಳೆಯುವ ತಾಮ್ರದ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ತೋರಿಸುವ ಸಂಖ್ಯೆಯಂತೂ ಶುದ್ಧ ಸುಳ್ಳು. ಪೈಪಿಗೆ ಕಪ್ಪು ಟೇಪು ಸುತ್ತಿ ಅಳೆದರೆ ವಾಸಿ.

ಕೋಣೆ ಬೆಚ್ಚಗಾದಂತೆ ತಾವೇ ಮುಚ್ಚಿಕೊಳ್ಳುವ ಥರ್ಮೋಸ್ಟಾಟಿಕ್ ವಾಲ್ವುಗಳಿರುವಾಗ ಇದೆಲ್ಲ ಯಾಕೆ ಎಂದು ಕೇಳಬಹುದು. ಕೋಣೆ ಕಾದ ಮೇಲೆ ಅವು ಸಾಕು. ಮುಂಜಾನೆ ತಣ್ಣನೆಯ ಮನೆಯಲ್ಲಿ ಅವೆಲ್ಲ ಒಟ್ಟಿಗೆ ಬಾಯಿ ತೆರೆದಿರುತ್ತವೆ, ಆಗ ದೂರದ ಕೋಣೆ ಸೋಲುತ್ತದೆ. ಆ ಸೋತ ಕೋಣೆಗಾಗಿಯೇ ಮನೆಯವರು ಬಾಯ್ಲರಿನ ಉಷ್ಣತೆ ಏರಿಸುತ್ತಾರೆ. ಬ್ಯಾಲೆನ್ಸಿಂಗಿನ ನಿಜವಾದ ಬೆಲೆ ಇರುವುದು ಇಲ್ಲಿ: ಕೊನೆಯ ಕೋಣೆ ಬೆಚ್ಚಗಾದರೆ ಇಡೀ ವ್ಯವಸ್ಥೆಯನ್ನು 60, 55ಕ್ಕೆ ಇಳಿಸಬಹುದು. ಉಳಿತಾಯ ಆ ಇಳಿಕೆಯದು, ಸ್ಪ್ಯಾನರಿನದ್ದಲ್ಲ. ಅಳೆಯಬೇಕಾದ್ದೂ ಕೋಣೆಯ ಗಾಳಿಯನ್ನೇ, ಒಂದೆರಡು ಚಳಿಯ ದಿನ ಸಾವಧಾನವಾಗಿ.

ಜರ್ಮನಿಯವರು 2022ರಲ್ಲಿ ಗ್ಯಾಸಿನಿಂದ ಕಾಯುವ ದೊಡ್ಡ ವಸತಿ ಕಟ್ಟಡಗಳಿಗೆ ಬ್ಯಾಲೆನ್ಸಿಂಗನ್ನು ಕಡ್ಡಾಯ ಮಾಡಿದಾಗ, ಮೊದಲು ಕೋಣೆಕೋಣೆಯ ಶಾಖದ ಅಗತ್ಯ ಲೆಕ್ಕ ಹಾಕಬೇಕೆಂದು ವಿಧಿಸಿದರು. ದುಬಾರಿ, ಆದರೆ ಪ್ರಶ್ನೆ ಸರಿಯಾದದ್ದು. ಬ್ರಿಟನ್ನಿನಲ್ಲಿ ಆ ಲೆಕ್ಕವನ್ನು ಈಗ ಬಾಯ್ಲರಿನ ಬದಲು ಕೂರಿಸುವ ಹೀಟ್ ಪಂಪುಗಳು ಕೇಳುತ್ತಿವೆ. ಅವುಗಳಿಗೆ ಬೇಕಾದ ವ್ಯತ್ಯಾಸ 5 ಡಿಗ್ರಿಯ ಸುಮಾರು. ಒಂದು ಕಿಲೋವ್ಯಾಟ್ ಶಾಖಕ್ಕೆ 20 ಡಿಗ್ರಿಯಲ್ಲಿ ನಿಮಿಷಕ್ಕೆ 0.7 ಲೀಟರ್ ನೀರು ಸಾಕಿದ್ದರೆ, 5 ಡಿಗ್ರಿಯಲ್ಲಿ ಹತ್ತಿರ ಹತ್ತಿರ 3 ಲೀಟರ್ ಹರಿಯಬೇಕು. ವರ್ಷಗಟ್ಟಲೆ ಶ್ರದ್ಧೆಯಿಂದ ಬಿಗಿದ ಲಾಕ್‌ಶೀಲ್ಡುಗಳನ್ನು ಅಂಥ ಮನೆಗಳಲ್ಲಿ ಮತ್ತೆ ಸಡಿಲಿಸಬೇಕಾಗುತ್ತದೆ.