ಪಾತ್ರಗಳಿಗೆ ಒಂದು ಕೆಲಸ ಕೊಡಿ

ಹೊರನಾಡಿನ ಕನ್ನಡ ಕತೆಗಳನ್ನು ಸಾಲಾಗಿ ಓದುತ್ತ ಹೋದರೆ ಒಂದು ವಿಚಿತ್ರ ಕೊರತೆ ಕಣ್ಣಿಗೆ ಬೀಳುತ್ತದೆ. ಈ ಕತೆಗಳಲ್ಲಿ ಹೆಚ್ಚಿನವರು ಕೆಲಸವನ್ನೇ ಮಾಡುವುದಿಲ್ಲ. ಅವರಿಗೆ ಉದ್ಯೋಗವಿದೆ ಎಂದು ಒಂದು ವಾಕ್ಯದಲ್ಲಿ ಹೇಳಿರುತ್ತಾರೆ: ಸಾಫ್ಟ್‌ವೇರ್, ಬ್ಯಾಂಕು, ಆಸ್ಪತ್ರೆ. ಆಮೇಲೆ ಅವರು ಕಿಟಕಿಯ ಬಳಿ ಕೂತು ಊರನ್ನು ನೆನೆಯುತ್ತಾರೆ. ನಡುರಾತ್ರಿ ಫೋನು ಬರುತ್ತದೆ, ಅಪ್ಪನಿಗೆ ಹುಷಾರಿಲ್ಲ. ವಿಮಾನ ಇಳಿಯುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಹಿತ್ತಿಲಿನ ಮಾವಿನ ಮರವನ್ನೂ ಅಷ್ಟರಲ್ಲಿ ಯಾರೋ ಕಡಿಸಿರುತ್ತಾರೆ.

ಊರಿನ ನೆನಪು ಸುಳ್ಳಲ್ಲ, ಆ ಫೋನು ನಮ್ಮೆಲ್ಲರಿಗೂ ಬಂದಿದೆ ಅಥವಾ ಬರಲಿದೆ. ಆದರೆ ಎಚ್ಚರವಿರುವ ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನಾವು ಕಳೆಯುವುದು ಕೆಲಸದ ಜಾಗದಲ್ಲಿ. ನಮ್ಮನ್ನು ಇಲ್ಲಿಗೆ ಕರೆತಂದದ್ದೂ ಅದೇ, ಇಲ್ಲಿ ಉಳಿಸಿರುವುದೂ ಅದೇ. ಅದನ್ನು ಪೂರ್ತಿ ಬಿಟ್ಟು ಬರೆದ ಬದುಕು ಖರ್ಚಿನ ಬಾಬತ್ತೇ ಇಲ್ಲದ ಜಮಾಖರ್ಚಿನಂತೆ. ಲೆಕ್ಕಪರಿಶೋಧಕನಾದ ನನಗೆ ಅಂಥದ್ದಕ್ಕೆ ಸಹಿ ಹಾಕಲು ಕೈ ಬರುವುದಿಲ್ಲ.

ಕೆಲಸದಿಂದಲೇ ಕತೆ ಕಟ್ಟಿದವರು ನಮ್ಮಲ್ಲಿ ಇಲ್ಲದಿಲ್ಲ. ಯಶವಂತ ಚಿತ್ತಾಲರು ಹನೇಹಳ್ಳಿಯಿಂದ ಹೊರಟು ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿ ದುಡಿದವರು. 1979ರ ‘ಶಿಕಾರಿ’ಯ ನಾಗಪ್ಪ ಅಂಥದೇ ಕಂಪನಿಯೊಂದರ ಮೇಲಿನ ಹುದ್ದೆಯವನು. ತನ್ನ ತಪ್ಪೇನೆಂದು ತಿಳಿಯದೆಯೇ ಅವನು ವಿಚಾರಣೆಯ ಬಲೆಯಲ್ಲಿ ಸಿಕ್ಕಿಕೊಳ್ಳುತ್ತಾನೆ. ಊರಿನ ನೆನಪು ಈ ಕಾದಂಬರಿಯಲ್ಲೂ ದಟ್ಟವಾಗಿದೆ. ಆದರೆ ಅದು ಕಿಟಕಿಯ ಬಳಿ ಬಿಡುವಾಗಿ ಕೂತಾಗ ಬರುವ ನೆನಪಲ್ಲ. ಕೆಲಸ ಹೋಗುವ ಭಯ ಹಳೆಯ ಭಯಗಳನ್ನೆಲ್ಲ ಕೆದಕಿ ಎಬ್ಬಿಸುತ್ತದೆ. ನೆನಪಿಗೆ ಇಲ್ಲಿ ಒಂದು ಕಾರಣವಿದೆ, ಆದ್ದರಿಂದ ತೂಕವೂ ಇದೆ.

ಔಷಧ ಕಂಪನಿಯಲ್ಲಿ ದುಡಿಯುತ್ತ ಮುಂಬಯಿಯನ್ನು ಬರೆದ ಜಯಂತ ಕಾಯ್ಕಿಣಿಯವರ ಕತೆಗಳಲ್ಲಿ ಚಿತ್ರಮಂದಿರದ ಕಸ ಗುಡಿಸುವವನಿದ್ದಾನೆ, ಸಿನಿಮಾದಲ್ಲಿ ಬೇರೆಯವರ ಬದಲಿಗೆ ಬೀಳುವ ಸ್ಟಂಟಿನವನಿದ್ದಾನೆ. ಆಟ ಮುಗಿದ ಮೇಲೆ ಕುರ್ಚಿಗಳ ಕೆಳಗೆ ಏನೇನು ಸಿಗುತ್ತದೆ ಎಂಬುದು ಗುಡಿಸುವವನಿಗೆ ಮಾತ್ರ ಗೊತ್ತು. ಅಲ್ಲಿಂದಲೇ ಕತೆ ಹುಟ್ಟುತ್ತದೆ. ಈ ಕತೆಗಳು ತೇಜಸ್ವಿನಿ ನಿರಂಜನ ಅವರ ಅನುವಾದದಲ್ಲಿ ‘ನೋ ಪ್ರೆಸೆಂಟ್ಸ್ ಪ್ಲೀಸ್’ ಆಗಿ 2018ರ ಡಿಎಸ್‌ಸಿ ಪ್ರಶಸ್ತಿ ಪಡೆದವು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಇದಕ್ಕೆ ತಿರುಗುಮುರುಗು. ಅದರ ನಿರೂಪಕ ಮನೆಯ ಮಸಾಲೆ ಕಂಪನಿಯ ನಿರ್ದೇಶಕ. ಸಂಬಳವಿದೆ, ಕೆಲಸವಿಲ್ಲ. ಕಾಫಿ ಹೌಸಿನಲ್ಲಿ ಕೂರುತ್ತಾನೆ. ಕೆಲಸವಿಲ್ಲದಿರುವುದನ್ನು ಲೇಖಕರು ಮರೆತಿಲ್ಲ, ಅದನ್ನೇ ಕತೆಯ ನಡುವಿಗೆ ತಂದಿದ್ದಾರೆ. ಹಣ ಎಲ್ಲಿಂದ ಬರುತ್ತದೆ, ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆಗಳೇ ಆ ಮನೆಯಲ್ಲಿ ಯಾರು ಯಾರಿಗೆ ಬಗ್ಗಬೇಕೆಂದು ತೀರ್ಮಾನಿಸುತ್ತವೆ.

ಗಲ್ಫಿನಲ್ಲಿರುವ ನಮಗೆ ಇಂಥ ವಸ್ತು ಕಡಿಮೆಯೇ? ಒಂದನ್ನು ಮಾತ್ರ ಹೇಳುತ್ತೇನೆ. ಸಂಯುಕ್ತ ಅರಬ್ ಸಂಸ್ಥಾನದ ಕಾನೂನಿನಂತೆ ಕೆಲಸ ಬಿಟ್ಟು ಹೋಗುವವನಿಗೆ ಮೊದಲ 5 ವರ್ಷಗಳಲ್ಲಿ ವರ್ಷಕ್ಕೆ 21 ದಿನಗಳ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನಗಳದ್ದು ಗ್ರಾಚ್ಯುಟಿಯಾಗಿ ಸಿಗುತ್ತದೆ. ಆದರೆ ಲೆಕ್ಕ ಹಾಕುವುದು ಮೂಲ ವೇತನದ ಮೇಲೆ. ಮನೆ ಬಾಡಿಗೆ, ಓಡಾಟದ ಭತ್ಯೆ ಸೇರುವುದಿಲ್ಲ. ಇಪ್ಪತ್ತು ವರ್ಷ ವ್ಯಾನು ಓಡಿಸಿದವನು ಕೈಗೆ ಬರುವ ಪೂರ್ತಿ ಸಂಬಳವನ್ನು ಹಿಡಿದು ಮನಸ್ಸಿನಲ್ಲೇ ಗುಣಿಸಿಕೊಂಡು ಬಂದಿರುತ್ತಾನೆ. ಊರಿನ ಮನೆಯ ತಾರಸಿ, ಮಗಳ ಮದುವೆ, ಎಲ್ಲವನ್ನೂ ಆ ಮೊತ್ತದಲ್ಲಿ ಹಂಚಿಟ್ಟಿರುತ್ತಾನೆ. ಲೆಕ್ಕದ ಹಾಳೆಯನ್ನು ಅವನತ್ತ ತಿರುಗಿಸಿದಾಗ “ಇಷ್ಟೇಯಾ ಸರ್?” ಎನ್ನುತ್ತಾನೆ. ಹಾಳೆಯಲ್ಲಿ ತಪ್ಪೇನೂ ಇರುವುದಿಲ್ಲ. ಅವನು ಮನೆಗೆ ಏನೆಂದು ಫೋನು ಮಾಡುತ್ತಾನೆ ಎಂಬಲ್ಲಿಂದ ಕತೆ ಶುರುವಾಗಬಹುದು. ನಾವು ಮಾತ್ರ ಅವನನ್ನು ಬಿಟ್ಟು ಮರಳುಗಾಡಿನ ಸೂರ್ಯಾಸ್ತವನ್ನು ಬಣ್ಣಿಸಲು ಹೋಗುತ್ತೇವೆ.

ಇದಕ್ಕೆ ಸಾಮಾನ್ಯವಾಗಿ ಬರುವ ಉತ್ತರ, “ನಮ್ಮ ಕಚೇರಿಯ ಬದುಕು ಇಂಗ್ಲಿಷಿನದು, ಕನ್ನಡದಲ್ಲಿ ಕೃತಕವಾಗುತ್ತದೆ.” ಚಿತ್ತಾಲರ ಮುಂದೆಯೂ ಇದೇ ಕಷ್ಟವಿತ್ತು. ಅವರು ಕಂಪನಿಯ ಮಾತಿಗೆ ಬೇಕಾದ ಇಂಗ್ಲಿಷನ್ನು ಒಳಗೆ ಬಿಟ್ಟುಕೊಂಡರು, ಭಯವನ್ನು ಕನ್ನಡದಲ್ಲಿ ಬರೆದರು. ಆಡಿಟ್, ಇನ್‌ವಾಯ್ಸ್ ಎಂಬ ಪದಗಳಿಂದ ಕನ್ನಡ ಕೆಡುವುದಿಲ್ಲ. ಕೆಡುವುದು ‘ಹೃದಯ ಭಾರವಾಯಿತು’ ಎಂಬಂಥ ಸವೆದ ವಾಕ್ಯಗಳಿಂದ.

ಓದುಗರ ಪ್ರಶ್ನೆಯನ್ನೂ ಇದರಿಂದ ಬೇರೆ ಮಾಡಲಾಗದು. “ಕನ್ನಡದಲ್ಲಿ ಓದುವವರೇ ಇಲ್ಲ” ಎಂದು ಹೊರನಾಡಿನ ಲೇಖಕರು ಕೊರಗುತ್ತಾರೆ. ಹಾಸನದ ಓದುಗನಿಗೆ ಮಲೆನಾಡಿನ ಮಳೆ ಬೇಕಾದರೆ ಬಾಗಿಲು ತೆರೆದರೆ ಸಾಕು. ನಾವು ಇಪ್ಪತ್ತು ವರ್ಷದ ಹಿಂದೆ ಕಂಡ ಮಳೆಯನ್ನು ಅವನು ದುಡ್ಡು ಕೊಟ್ಟು ಏಕೆ ಕೊಳ್ಳಬೇಕು? ಅವನ ಬಳಿ ಇಲ್ಲದ್ದು, ನಮ್ಮ ಬಳಿ ಮಾತ್ರ ಇರುವುದು, ಆ ಹಾಳೆಯ ಮುಂದೆ ಕೂತ ಡ್ರೈವರು. ಅವನು ಹಾಸನದವನ ಭಾವನೋ ಚಿಕ್ಕಪ್ಪನೋ ಆಗಿರಬಹುದು. ಹಣ ಕಳಿಸುವವನನ್ನು ಊರು ಬಲ್ಲದು, ಅವನ ದಿನವನ್ನು ಬಲ್ಲದು ಎನ್ನಲಾಗದು.

ಇನ್ನು ಪುಸ್ತಕ ಮುಟ್ಟಿಸುವ ಬಗೆ. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ಅಲೆದು ಮಾರಿದರು. ಜಿ.ಪಿ. ರಾಜರತ್ನಂ ಕೂಡ ಪುಸ್ತಕದ ಚೀಲ ಹಿಡಿದು ಓದುಗರ ಬಳಿಗೇ ಹೋದವರು. ನಮ್ಮ ಪದ್ಧತಿ ಬೇರೆ: ಸಭಾಂಗಣ, ಶಾಲು, ಫೋಟೋ, ಬಂದವರಿಗೆಲ್ಲ ಒಂದೊಂದು ಗೌರವ ಪ್ರತಿ. ವ್ಯಾಪಾರದಲ್ಲಿ ‘ಒಪ್ಪಿದರೆ ಇಟ್ಟುಕೊಳ್ಳಿ’ ಎಂದು ಕಳಿಸಿದ ಮಾಲನ್ನು ಗಿರಾಕಿ ಒಪ್ಪುವವರೆಗೆ ಮಾರಾಟವೆಂದು ಬರೆಯುವಂತಿಲ್ಲ. ಹಂಚಿದ ಪ್ರತಿಗಳೂ ಹಾಗೆಯೇ. ಓದಿ ಮುಗಿಸಿದವನು ಹೇಳುವವರೆಗೆ ಅವು ನಮ್ಮ ದಾಸ್ತಾನೇ.

ಅದಕ್ಕಿಂತ ಹತ್ತು ಜನರನ್ನು ಕೂರಿಸಿ ಅಚ್ಚಾಗದ ಕತೆಯನ್ನು ಗಟ್ಟಿಯಾಗಿ ಓದುವುದು ಮೇಲು. ಯಾವ ಪುಟದಲ್ಲಿ ಕೈ ಮೊಬೈಲಿನತ್ತ ಹೋಯಿತು ಎಂದು ಗುರುತು ಹಾಕಿಕೊಳ್ಳಬೇಕು. ಆ ಹತ್ತರಲ್ಲಿ ಒಬ್ಬ ನರ್ಸು, ಒಬ್ಬ ಮೆಕ್ಯಾನಿಕ್ ಇದ್ದರೆ ಇನ್ನೂ ಒಳ್ಳೆಯದು. ತಮ್ಮ ಕೆಲಸದ ಬಗ್ಗೆ ಬರೆದದ್ದರಲ್ಲಿ ಸುಳ್ಳು ಎಲ್ಲಿದೆ ಎಂದು ಅವರು ಕೂಡಲೇ ಹೇಳುತ್ತಾರೆ. ತಿದ್ದಿದ ಮೇಲೆ ಊರಿನ ಪತ್ರಿಕೆಗಳಿಗೆ, ದೀಪಾವಳಿ ಕಥಾಸ್ಪರ್ಧೆಗೆ, ಮೊದಲ ಸಂಕಲನವಾದರೆ ಛಂದ ಪುಸ್ತಕದ ಸ್ಪರ್ಧೆಗೆ ಕಳಿಸಬೇಕು. ಅಲ್ಲಿ ನಮ್ಮ ಪರಿಚಯಕ್ಕೆ ಬೆಲೆಯಿಲ್ಲ, ಕತೆಗೆ ಮಾತ್ರ ಇದೆ. ತಿರಸ್ಕಾರವೂ ಒಂದು ಬಗೆಯ ಓದೇ.

ಇಷ್ಟೆಲ್ಲ ಮಾಡಿದರೂ ಓದುಗರು ಸಾವಿರಗಟ್ಟಲೆ ಬರುತ್ತಾರೆಂದು ನಾನು ಭರವಸೆ ಕೊಡಲಾರೆ. ಬಂದವರು ಉಳಿಯುತ್ತಾರೆ. ಮುಂದಿನ ಕತೆಗೆ ಕೂರುವಾಗ ನಾಯಕನ ಊರು ಯಾವುದು ಎಂದು ಕೇಳಿಕೊಳ್ಳುವ ಮೊದಲು, ಬೆಳಿಗ್ಗೆ ಎಂಟಕ್ಕೆ ಅವನು ಎಲ್ಲಿರಬೇಕು, ಅಲ್ಲಿ ಅವನು ಯಾರಿಗೆ ಹೆದರುತ್ತಾನೆ, ತಿಂಗಳ ಕೊನೆಗೆ ಅವನ ಕೈಗೆ ಬರುವುದೆಷ್ಟು ಎಂದು ಕೇಳಿಕೊಳ್ಳೋಣ. ಉತ್ತರ ಗೊತ್ತಿದ್ದರೆ ಬರೆಯೋಣ.