ಏಳಕ್ಕೆ ಮೂರು ಕೂಡಿದ ನಿಶ್ಚಯ

ಸಂತ ಅಗಸ್ಟೀನರ ‘ಕನ್ಫೆಶನ್ಸ್’ ಕೃತಿಯನ್ನು ಮನಪರಿವರ್ತನೆಯ ಕಥೆಯಾಗಿ ಓದಿಸುವ ಗುರುಮಠಗಳಲ್ಲಿ ಅದರ ಆರನೆಯ ಪುಸ್ತಕ ಅವಸರದಲ್ಲಿ ದಾಟಿಹೋಗುತ್ತದೆ. ಸಿಸೆರೋನ ಗಾಂಭೀರ್ಯಕ್ಕೆ ಮನಸೋತ ತರುಣನಿಗೆ ಪವಿತ್ರಗ್ರಂಥದ ಶೈಲಿ ಒರಟೆನಿಸಿತ್ತು. ಮಾನಿಕೇಯರ ಆಕ್ಷೇಪಣೆಗಳಿಂದ ಹಳೆಯ ಒಡಂಬಡಿಕೆಯೇ ಅಸಂಬದ್ಧವಾಗಿ ಕಂಡಿತ್ತು. ಮಿಲಾನಿನ ಧರ್ಮಾಧ್ಯಕ್ಷ ಸಂತ ಆಂಬ್ರೋಸರು ಅಕ್ಷರದ ಹಿಂದಿನ ಆಧ್ಯಾತ್ಮಿಕ ಅರ್ಥವನ್ನು ತೆರೆದು ತೋರಿದರು, ಸಂಶಯ ನೀಗಿತು ಎಂಬಲ್ಲಿಗೆ ಪಾಠ ಮುಗಿಯುತ್ತದೆ.

ಕೃತಿ ಹಾಗೆ ಹೇಳುವುದಿಲ್ಲ. ಆಕ್ಷೇಪಣೆಗಳು ಕಳಚಿದ ಮೇಲೂ ಅಗಸ್ಟೀನರು ಒಪ್ಪಿಗೆಯನ್ನು ತಡೆಹಿಡಿಯುತ್ತಾರೆ. ಏಳಕ್ಕೆ ಮೂರು ಕೂಡಿದರೆ ಹತ್ತು ಎಂಬಷ್ಟೇ ನಿಶ್ಚಯ ಅವರಿಗೆ ಕಾಣದ ವಿಷಯಗಳಲ್ಲೂ ಬೇಕು. ಕೆಟ್ಟ ವೈದ್ಯನಿಂದ ನೊಂದವನು ಒಳ್ಳೆಯವನಿಗೂ ಅಂಜುವಂತೆ ತಾವು ಅಂಜಿದೆವೆಂದು ಅವರೇ ಹೇಳಿಕೊಳ್ಳುತ್ತಾರೆ. ಕೃತಿಯ ಅತ್ಯಂತ ಪ್ರಾಮಾಣಿಕ ಪುಟ ಇದೇ ಎಂದು ನಮ್ಮ ಎಣಿಕೆ. ವಾಕ್ಯದ ಅರ್ಥ ತಿಳಿಯುವುದು ಬೇರೆ, ಅದು ಸತ್ಯವೆಂದು ಒಪ್ಪುವುದು ಬೇರೆ. ವ್ಯಾಖ್ಯಾನಶಾಸ್ತ್ರ ಮೊದಲನೆಯದನ್ನಷ್ಟೇ ಕೊಡಬಲ್ಲದು. ಸಂಶಯ ಹೊತ್ತು ಬಂದ ಅಭ್ಯರ್ಥಿಗೆ ಸಾಹಿತ್ಯಪ್ರಕಾರಗಳ ಪಾಠ ಹೇಳಿ ಕಳುಹಿಸುವುದು ಸುಲಭ. ಅವನು ಕೇಳಿದ್ದು ಅದನ್ನಲ್ಲ.

ಅಗಸ್ಟೀನರನ್ನು ಕದಲಿಸಿದ್ದು ಇನ್ನೂ ಸರಳವಾದ ಒಂದು ಯೋಚನೆ: ತಮ್ಮ ತಂದೆತಾಯಿ ಯಾರೆಂಬುದನ್ನೂ ತಾವು ಪರರ ಮಾತಿನಿಂದಲೇ ನಂಬಿದ್ದರಲ್ಲ! ಅಲ್ಲಿಂದ ಅವರು ಧರ್ಮಸಭೆಯ ಸಾಕ್ಷ್ಯದತ್ತ ತಿರುಗಿದರು, ನಿಧಾನವಾಗಿ. 384ರಲ್ಲಿ ಮಿಲಾನಿಗೆ ಬಂದವರು ಜ್ಞಾನಸ್ನಾನ ಪಡೆದದ್ದು 387ರ ಪಾಸ್ಖದಲ್ಲಿ.