ಉಳಿದ ಆಧಾರವೂ ಅಳಿದ ಕಲೆಯೂ: ನಟ ಪೌಲ್ ರಾಯ್ಮರ್ಟ್

ಶಾಸನಗಳು ಹೆಚ್ಚಾಗಿ ದೊರೆಯಲಿಲ್ಲವೆಂದು ಒಬ್ಬ ಅರಸನನ್ನು ಅಲ್ಪನೆಂದು ನಿರ್ಣಯಿಸುವುದು ಚರಿತ್ರಕಾರನಿಗೆ ಸಲ್ಲದು. ಉಳಿದುಬಂದ ಆಧಾರಗಳ ಪ್ರಮಾಣಕ್ಕೂ ವ್ಯಕ್ತಿಯ ಹಿರಿಮೆಗೂ ನಿಯತವಾದ ಸಂಬಂಧವಿಲ್ಲ. ಕಲೆಯ ಚರಿತ್ರೆಯಲ್ಲಿ ಈ ಸೂತ್ರವು ಎಷ್ಟು ಸುಲಭವಾಗಿ ಮರೆತುಹೋಗುವುದೆಂಬುದಕ್ಕೆ ಡೆನ್ಮಾರ್ಕಿನ ನಟ ಪೌಲ್ ರಾಯ್ಮರ್ಟನ (1883–1968) ವಿಷಯವು ಒಳ್ಳೆಯ ನಿದರ್ಶನವಾಗಿದೆ.

ರಾಯ್ಮರ್ಟನು ಕೋಪನ್‌ಹೇಗನ್ನಿನ ರಂಗಭೂಮಿಯ ಮನೆತನದಲ್ಲಿ ಹುಟ್ಟಿದವನು. ತಂದೆ ನಟ, ತಾಯಿ ಬ್ಯಾಲೆ ನರ್ತಕಿ. 1902ರಲ್ಲಿ ರಂಗವನ್ನೇರಿ ಅರ್ಧ ಶತಮಾನಕ್ಕೂ ಮಿಕ್ಕು ಅಲ್ಲಿ ಬಾಳಿದನು. ಆದರೆ ಸ್ವದೇಶದ ಹೊರಗೆ ಅವನ ಮುಖವನ್ನು ಬಲ್ಲವರು ಬಹುಮಟ್ಟಿಗೆ ಬಲ್ಲುದು ಒಂದೇ ಮೂಕಚಿತ್ರದಿಂದ. ಊರ್ಬಾನ್ ಗಾಡನು 1910ರಲ್ಲಿ ನಿರ್ದೇಶಿಸಿದ ‘ಅಫ್‌ಗ್ರುಂಡೆನ್’ (ಪ್ರಪಾತ) ಎಂಬ ಆ ಚಿತ್ರವು ಮುಕ್ಕಾಲು ಗಂಟೆಯೂ ಓಡುವುದಿಲ್ಲ. ಅದರಲ್ಲಿ ಅವನದು ರುಡಾಲ್ಫ್ ಎಂಬ ಸರ್ಕಸ್ಸಿನ ಆಟಗಾರನ ಪಾತ್ರ. ನಾಯಕಿ ಆಸ್ಟಾ ನೀಲ್ಸನ್ ಹಗ್ಗದಿಂದ ಅವನನ್ನು ಬಿಗಿದು ಸುತ್ತಲೂ ನರ್ತಿಸುವ ದೃಶ್ಯವೇ ಚಿತ್ರದ ಖ್ಯಾತಿಗೂ ಅಪಖ್ಯಾತಿಗೂ ಕಾರಣವಾಯಿತು. ಆಕೆ ಬೇಗನೆ ಜರ್ಮನಿಗೆ ತೆರಳಿ ವಿಶ್ವವಿಖ್ಯಾತಳಾದಳು. ರಾಯ್ಮರ್ಟನು ಆ ನರ್ತನಕ್ಕೆ ನೆಟ್ಟ ಕಂಬವೆಂಬಂತೆ ಗ್ರಂಥಗಳಲ್ಲಿ ಉಳಿದನು.

ಈ ನಿರ್ಣಯವನ್ನು ನಾವು ಒಪ್ಪಲಾರೆವು. ಕ್ಯಾಮೆರಾ ಕದಲದೆ ನಿಂತಿರುವ ಆ ದೃಶ್ಯದಲ್ಲಿ ಕಟ್ಟಿಗೆ ಒಳಗಾದ ಗಂಡಸಿನ ನಿಶ್ಚಲತೆಯಿಲ್ಲದಿದ್ದರೆ ನರ್ತಕಿಯ ಚಲನೆಗೆ ಅರ್ಥವೇ ಇರುತ್ತಿರಲಿಲ್ಲ. ತನ್ನ ಕಡೆಗೆ ಕಣ್ಣು ಸೆಳೆಯದೆ ನಿಲ್ಲುವುದು ರಂಗದ ಶಿಕ್ಷಣದಿಂದ ಬಂದ ಸಂಯಮ. ಹಾಗೆಂದು ಈ ಕೆಲವು ನಿಮಿಷಗಳಿಂದಲೇ ಅವನ ಕಲೆಯನ್ನೆಲ್ಲ ಅಳೆಯಹೊರಡುವುದೂ ಸಾಹಸವೇ ಸರಿ. ಆಗ ಅವನಿಗೆ ಇಪ್ಪತ್ತೇಳು ವರ್ಷ. ಪ್ರೌಢಿಮೆಯ ಕಾಲವೆಲ್ಲ ಇನ್ನೂ ಮುಂದಿತ್ತು.

ಆ ಪ್ರೌಢಿಮೆಗೆ ಆಶ್ರಯವಾದುದು ಮಾತು. ಅದೂ ಅಲ್ಪಸಂಖ್ಯಾತರಾದ ಜನರ ಭಾಷೆಯ ಮಾತು. ಸ್ಟ್ರಿಂಡ್‌ಬರ್ಗನ ‘ಮೃತ್ಯುನರ್ತನ’ದಲ್ಲಿ ಅವನು ಎಡ್ಗರನಾಗಿ, ಬೋಡಿಲ್ ಇಪ್ಸೆನ್ ಅವನ ಹೆಂಡತಿ ಆಲಿಸಳಾಗಿ ಮಾಡಿದ ಅಭಿನಯವು ಡೇನರ ರಂಗಚರಿತ್ರೆಯಲ್ಲಿ ಇಂದಿಗೂ ಒಂದು ಮಾನದಂಡ. ಹೊರಗಿನವರಿಗೆ ಅದು ಕೇವಲ ಹೆಸರು. ಭಾಷೆಯ ಈ ಗಡಿಯನ್ನು ಅವನು ಒಮ್ಮೆ ದಾಟಿದುದೂ ಉಂಟು. 1925ರಲ್ಲಿ ಪ್ಯಾರಿಸ್ಸಿನ ಕೊಮೆದಿ ಫ್ರಾನ್ಸೇಸಿನಲ್ಲಿ, ಮೋಲಿಯೇರನ ಪರಂಪರೆಯನ್ನು ತನ್ನದೆಂದು ಕಾಯ್ದುಕೊಂಡು ಬಂದ ರಂಗದ ಮೇಲೆಯೇ, ತಾರ್ತ್ಯೂಫನ ಪಾತ್ರವನ್ನು ಫ್ರೆಂಚ್ ಭಾಷೆಯಲ್ಲಿ ಅಭಿನಯಿಸಿದನು. ಪರದೇಶದ ನಟನಿಗೆ ಇದು ಸಾಮಾನ್ಯ ಗೌರವವಲ್ಲ. ಚಲಚ್ಚಿತ್ರದ ಚರಿತ್ರೆಗಳಲ್ಲಿ ಇದಕ್ಕೆ ಒಂದು ಸಾಲಿನ ಸ್ಥಳವೂ ದೊರೆಯುವುದು ಅಪರೂಪ.

ಡೇನರು ಮಾತ್ರ ಲೆಕ್ಕವನ್ನು ಬೇರೆ ರೀತಿಯಲ್ಲಿ ಇಟ್ಟಿದ್ದಾರೆ. 1948ರಲ್ಲಿ ಆರಂಭವಾದ ಅವರ ಚಲಚ್ಚಿತ್ರ ಪುರಸ್ಕಾರಕ್ಕೆ ಬೋಡಿಲ್ ಇಪ್ಸೆನ್, ಬೋಡಿಲ್ ಕ್ಯೆರ್ ಎಂಬ ಇಬ್ಬರು ನಟಿಯರ ಗೌರವಾರ್ಥವಾಗಿ ‘ಬೋಡಿಲ್’ ಎಂದು ಹೆಸರು. 1998ರಿಂದ ರಂಗಕಲಾವಿದರಿಗೆ ಸಲ್ಲುತ್ತಿರುವ ಪುರಸ್ಕಾರದ ಹೆಸರು ‘ರಾಯ್ಮರ್ಟ್’.